ನಿರ್ಮೂಲನೆ ಎಂಬ ಹುಂಬತನ

ಮೃಗಶಿರಾ ಮಳೆಗೆ ಮೊಳೆತ ಕಾಂಗ್ರೆಸ್ ಕಸ (ಪಾರ್ಥೇನಿಯಂ) ಶ್ರಾವಣ ಹಿಡಿಯುವಷ್ಟರಲ್ಲಿ ಹೂ ಬಿಟ್ಟು ನಿಂತಿರುತ್ತದೆ. ನಮ್ಮ ಬೆಳಗಾವಿ ಜಿಲ್ಲೆಯ ಕಲ್ಲೋಳಿಯಿಂದ ಮೂಡಲಗಿ ದಾರಿ ಹಿಡಿಯಿರಿ, ಗೋಕಾಕ ದಾರಿ ಹಿಡಿಯಿರಿ, ರಸ್ತೆಯ ಎರಡೂ ಬದಿ ಅದೇ. ಕೆನಾಲಿನ ದಂಡೆ, ಶಾಲೆಯ ಹಿಂಬದಿ, ಕಬ್ಬಿನ ಟ್ರ್ಯಾಕ್ಟರು ನಿಲ್ಲುವ ಬಯಲು, ಅಲ್ಲೂ ಅದೇ. ನಮ್ಮ ನಿರ್ಮೂಲನಾ ಅಭಿಯಾನಗಳಿಗೆ ಮುಹೂರ್ತ ಕೂಡಿಬರುವುದು ಸರಿಯಾಗಿ ಆಗಲೇ. ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯ ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹ ಆಚರಿಸುತ್ತದೆ. ಊರೂರಲ್ಲಿ ಬ್ಯಾನರು ಏಳುತ್ತವೆ, ಮಕ್ಕಳ ಕೈಗೆ ಗವಸು ಬರುತ್ತವೆ (ಬಂದರೆ), ‘ಬುಡಸಮೇತ ಕಿತ್ತೊಗೆಯೋಣ’ ಎಂಬ ಭಾಷಣವಾಗುತ್ತದೆ, ಫೋಟೊ ಆಗುತ್ತದೆ. ಅಷ್ಟೊತ್ತಿಗೆ ಮೊದಲ ಮಳೆಯ ಗಿಡ ಬೀಜ ಉದುರಿಸತೊಡಗಿರುತ್ತದೆ. ಒಂದೇ ಗಿಡ ಹದಿನೈದು ಸಾವಿರಕ್ಕೂ ಮಿಕ್ಕಿ ಬೀಜ ಕೊಡಬಲ್ಲದು. ಮಣ್ಣಿನಡಿ ಸೇರಿದ ಬೀಜ ವರ್ಷಗಟ್ಟಲೆ ಕಾದು ಮೊಳೆಯಬಲ್ಲದು. ಹೂ ಬಿಟ್ಟ ಗಿಡ ಕಿತ್ತು, ಟ್ರ್ಯಾಲಿಗೆ ತುಂಬಿ, ಊರ ಹೊರಗೆ ಸುರಿದು ಬರುವುದನ್ನು ಬಿತ್ತನೆ ಎನ್ನಬಹುದು, ನಿರ್ಮೂಲನೆ ಎನ್ನಲಾಗದು.

ತಾರೀಖು ಬದಲಿಸಿಕೊಂಡರೆ ಸರಿಹೋಗುವ ತಪ್ಪಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಕೆಟ್ಟಿರುವುದು ಗುರಿಯೇ. ಹೊರಗಿನಿಂದ ಬಂದ ಗಿಡ, ಹುಳು, ಮೀನು ಯಾವುದೇ ಇರಲಿ, ಒಂದೂ ಉಳಿಯದಂತೆ ತೆಗೆಯಬೇಕು, ಅದೇ ಪರಿಸರ ಕಾಳಜಿ ಎಂಬ ನಂಬಿಕೆ ಅಧಿಕಾರಿಗಳಲ್ಲೂ ಇದೆ, ಪರಿಸರವಾದಿಗಳಲ್ಲೂ ಇದೆ, ಪತ್ರಿಕೆಗಳ ಓದುಗರ ಓಲೆಗಳಲ್ಲೂ ಇದೆ. ಇದಕ್ಕೆ ಎದುರು ಮಾತಾಡಿದವನು ಸೋಮಾರಿ ಅಥವಾ ನಾಡದ್ರೋಹಿ. ಆದರೂ ಹೇಳಬೇಕಾಗಿದೆ: ಎಪ್ಪತ್ತು ವರ್ಷದಿಂದ ನೆಲೆಯೂರಿದ್ದನ್ನು ನಿರ್ನಾಮ ಮಾಡುತ್ತೇವೆಂದು ಹೊರಡುವುದು ಹುಂಬತನ. ಆ ಹುಂಬತನಕ್ಕೆ ಸುರಿಯುವ ಹಣ ಮತ್ತು ಕೂಲಿ, ನಿಜಕ್ಕೂ ನಿರ್ನಾಮ ಮಾಡಬಹುದಾದ ಹೊಸ ಪಿಡುಗುಗಳ ಮೇಲೆ ಕಣ್ಣಿಡುವ ಕೆಲಸದಿಂದ ಕಿತ್ತುಕೊಂಡದ್ದು.

ಕಾಂಗ್ರೆಸ್ ಕಸವನ್ನೇ ತೆಗೆದುಕೊಳ್ಳಿ. ಪುಣೆಯ ತಿಪ್ಪೆಗಳ ಮೇಲೆ 1950ರ ದಶಕದಲ್ಲಿ ಕಣ್ಣಿಗೆ ಬಿದ್ದ ಈ ಮೆಕ್ಸಿಕೊ ಕಡೆಯ ಗಿಡ ನಮ್ಮ ಭಾಗ ತಲುಪಲು ಬಹಳ ಕಾಲ ಬೇಕಾಗಲಿಲ್ಲ. ಅಮೆರಿಕದ ಗೋಧಿಯ ಜತೆ ಬಂತು ಎಂದು ಎಲ್ಲರೂ ಹೇಳುತ್ತಾರೆ. ಪಿ.ಎಲ್. 480 ಗೋಧಿ ಒಪ್ಪಂದಕ್ಕೆ ಭಾರತ ಸಹಿ ಹಾಕಿದ್ದು 1956ರ ಆಗಸ್ಟ್‌ನಲ್ಲಿ, ಪುಣೆಯಲ್ಲಿ ಗಿಡ ಕಂಡದ್ದು ಅದಕ್ಕೂ ಮೊದಲು. ಈ ಲೆಕ್ಕ ಯಾರಿಗೂ ಬೇಕಿಲ್ಲ, ಬೈಯಲು ಒಂದು ಹೆಸರು ಸಿಕ್ಕರೆ ಸಾಕು. ಕರ್ನಾಟಕ ಸರ್ಕಾರ 1968ರ ಕೃಷಿ ಪೀಡೆ ಮತ್ತು ರೋಗಗಳ ಕಾಯ್ದೆಯಡಿ 1975ರಲ್ಲೇ ಈ ಗಿಡವನ್ನು ಹಾನಿಕಾರಕ ಕಳೆ ಎಂದು ಘೋಷಿಸಿತು. ಇಂಥ ಘೋಷಣೆ ಮಾಡಿದ ಮೊದಲ ರಾಜ್ಯ ನಮ್ಮದು. ಕಾಯ್ದೆಯ ಪ್ರಕಾರ ತನ್ನ ನೆಲದಲ್ಲಿರುವುದನ್ನು ಕೀಳುವುದು ನೆಲದವನ ಹೊಣೆ. ಐವತ್ತು ವರ್ಷ ಕಳೆಯಿತು. ಕಾಯ್ದೆ ಇದೆ, ಕಸವೂ ಇದೆ. ಸಾಲದ್ದಕ್ಕೆ ಅದು ಹೆಚ್ಚಾಗಿ ಬೆಳೆಯುವುದು ಲೋಕೋಪಯೋಗಿ ಇಲಾಖೆಯ ರಸ್ತೆ ಅಂಚಿನಲ್ಲಿ, ನೀರಾವರಿ ನಿಗಮದ ಕಾಲುವೆ ದಂಡೆಯಲ್ಲಿ, ರೈಲ್ವೆ ಹಳಿಯ ಪಕ್ಕದಲ್ಲಿ, ಅಂದರೆ ಸರ್ಕಾರ ತಾನೇ ನೆಲದವನಾಗಿರುವ ಕಡೆ.

ನಿರ್ಮೂಲನೆ ಎಲ್ಲೂ ಆಗಿಲ್ಲವೇ ಎಂದು ಕೇಳಬಹುದು. ಆಗಿದೆ. ಆಫ್ರಿಕಾದ ಮಲೇರಿಯಾ ಸೊಳ್ಳೆ ಬ್ರೆಜಿಲ್‌ಗೆ 1930ರಲ್ಲಿ ಬಂತು, 1940ರಷ್ಟೊತ್ತಿಗೆ ಅದನ್ನು ಅಲ್ಲಿಂದ ಪೂರ್ತಿ ತೆಗೆದರು. ದೊಡ್ಡ ಹಣ, ಸೈನ್ಯದಂಥ ಶಿಸ್ತು, ಮನೆಮನೆಗೆ ನುಗ್ಗುವ ಅಧಿಕಾರ, ಎಲ್ಲ ಇತ್ತು. ಜೀವವೈವಿಧ್ಯ ಕುರಿತ ಅಂತರಸರ್ಕಾರಿ ವೇದಿಕೆ 2023ರಲ್ಲಿ ಕೊಟ್ಟ ವರದಿಯಲ್ಲಿ 998 ದ್ವೀಪಗಳಲ್ಲಿ ನಡೆದ 1,550 ನಿರ್ಮೂಲನಾ ಯತ್ನಗಳ ಲೆಕ್ಕವಿದೆ, ಅದರಲ್ಲಿ ಶೇ 88 ಯಶಸ್ವಿ. ಅಭಿಯಾನದವರು ಈ ಅಂಕಿಯನ್ನು ಹಿಡಿದು ಕುಣಿಯಬಾರದು. ಅವು ದ್ವೀಪಗಳು. ಸುತ್ತ ಸಮುದ್ರವಿದ್ದು, ಒಮ್ಮೆ ತೆಗೆದ ಇಲಿ ಮತ್ತೆ ಈಜಿ ಬಾರದ ಜಾಗಗಳು. ಕ್ಯಾಲಿಫೋರ್ನಿಯಾದ ಕಳೆಗಳ ಮೇಲೆ 2002ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ನೇರ: ಹಬ್ಬಿದ್ದು ಒಂದು ಹೆಕ್ಟೇರಿಗಿಂತ ಕಡಿಮೆ ಇದ್ದಾಗ ಸಾಮಾನ್ಯವಾಗಿ ತೆಗೆಯಬಹುದು, ಸಾವಿರ ಹೆಕ್ಟೇರು ದಾಟಿದ ಮೇಲೆ ಕೈಗೆಟಕುವ ಹಣದಲ್ಲಿ ಅದು ಆಗುವ ಮಾತಲ್ಲ.

ಈಗ ನಮ್ಮ ನೆಲ ನೋಡಿ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ನಿಂತ ಘಟಪ್ರಭೆಯ ನೀರು ಧೂಪದಾಳಕ್ಕೆ ಬಂದು, ಎಡದಂಡೆ ಕಾಲುವೆ ಹಿಡಿದು, ಊರಿಂದೂರಿಗೆ ಹೋಗುತ್ತದೆ. ನೀರಿನ ಜತೆ ಬೀಜವೂ ಹೋಗುತ್ತದೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಸಾಂಗ್ಲಿ, ಕೊಲ್ಹಾಪುರ, ಬಾಗಲಕೋಟೆ ಕಡೆಯ ಟ್ರ್ಯಾಕ್ಟರು, ಕಟಾವು ಯಂತ್ರಗಳು ಹೊಲದಿಂದ ಹೊಲಕ್ಕೆ ಗಾಲಿಯ ಮಣ್ಣು ಹೊತ್ತು ತಿರುಗುತ್ತವೆ. ಹಳ್ಳದ ಮರಳು, ರಸ್ತೆಯ ಗರಸು, ತಿಪ್ಪೆಯ ಗೊಬ್ಬರ, ಎಲ್ಲದರಲ್ಲೂ ಬೀಜ. ಕಲ್ಲೋಳಿಯವರು ಒಂದೇ ಒಂದು ಗಿಡ ಬಿಡದೆ ಕಿತ್ತರೂ ಮೇಲ್ದಂಡೆಯ ಊರಿನಿಂದ ಮುಂದಿನ ಆವರ್ತನದ ನೀರಿಗೇ ಮತ್ತೆ ಬರುತ್ತದೆ. ಇಲ್ಲಿ ನಿಂತು ‘ಸಂಪೂರ್ಣ’ ಎನ್ನುವವರಿಗೆ ಕಾಲುವೆ ಎಲ್ಲಿಂದ ಬರುತ್ತದೆಂದು ಗೊತ್ತಿಲ್ಲ ಅನ್ನಬೇಕು.

ಹಾಗಾದರೆ ಕೈಕಟ್ಟಿ ಕೂಡ್ರಬೇಕೇ? ಈ ಪ್ರಶ್ನೆಗೆ ಉತ್ತರವನ್ನು ನಮ್ಮದೇ ಕಬ್ಬಿನ ಹೊಲ ಇಪ್ಪತ್ತು ವರ್ಷದ ಹಿಂದೆ ಕೊಟ್ಟಾಗಿದೆ. 2002ರಲ್ಲಿ ಸಾಂಗ್ಲಿ ಜಿಲ್ಲೆಯಲ್ಲಿ ಕಂಡ ಬಿಳಿ ಉಣ್ಣೆ ಹೇನು ಅದೇ ವರ್ಷ ಬೆಳಗಾವಿ ಜಿಲ್ಲೆಗೆ ಇಳಿಯಿತು. ಅದು ಪರದೇಶದ್ದೂ ಅಲ್ಲ, ದೇಶದ ಪೂರ್ವ ಭಾಗದಲ್ಲಿ ಮೊದಲೇ ಇದ್ದದ್ದು. ನಮ್ಮ ಕಬ್ಬಿಗೆ ಮಾತ್ರ ಹೊಸದು. ಎಲೆಯ ತಳಭಾಗ ಪೂರ್ತಿ ಬಿಳಿ ಮೇಣದ ಎಳೆಗಳಿಂದ ತುಂಬಿ, ಸಿಹಿ ಅಂಟು ಕೆಳಗಿನ ಎಲೆಗೆ ಸೋರಿ, ಅದರ ಮೇಲೆ ಕರಿ ಬೂಷ್ಟು ಕೂತು, ಹಸಿರು ಹೊಲ ಮಸಿ ಬಳಿದುಕೊಂಡು ನಿಂತಿತ್ತು. ರೈತರು ಎಣ್ಣಿ (ಕೀಟನಾಶಕ) ಹೊಡೆದರು. ಆಳೆತ್ತರ ದಾಟಿದ, ಸಾಲು ಕೂಡಿಕೊಂಡ ಕಬ್ಬಿನೊಳಗೆ ಪಂಪು ಹೊತ್ತು ನುಗ್ಗುವುದು ಹೇಗೆಂದು ಕಬ್ಬು ಬೆಳೆದವರಿಗೆ ಹೇಳಬೇಕಿಲ್ಲ. ಹೊಡೆದವನ ಮೈಮೇಲೆ ಬಿದ್ದಷ್ಟು ಎಣ್ಣಿ ಹೇನಿನ ಮೇಲೆ ಬಿದ್ದಿರಲಾರದು. ಬಿದ್ದದ್ದು ಹೇನನ್ನೂ ಕೊಂದಿತು, ಹೇನನ್ನು ತಿನ್ನುವ ಹುಳುವನ್ನೂ ಕೊಂದಿತು. ಹೇನು ಬೇಗ ಮರಳಿತು, ತಿನ್ನುವ ಹುಳು ಮರಳಲು ತಡವಾಯಿತು.

ಕೊನೆಗೆ ದಾರಿ ಸಿಕ್ಕಿದ್ದು ಹೊಲದಲ್ಲೇ. ಡೈಫಾ ಎಂಬ ಪತಂಗದ ಮರಿಹುಳು ಮತ್ತು ಮೈಕ್ರೋಮಸ್ ಎಂಬ ಸಣ್ಣ ಜಾಲರೆಕ್ಕೆಯ ಕೀಟ ಈ ಹೇನನ್ನೇ ಹುಡುಕಿ ತಿನ್ನುತ್ತವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇವನ್ನು ಬೆಳೆಸಿ, ರೈತರ ಹೊಲದಲ್ಲೇ ಹೆಚ್ಚಿಸಿ, ಹುಳು ಇರುವ ಎಲೆ ಕತ್ತರಿಸಿ ಇಲ್ಲದ ಹೊಲಕ್ಕೆ ಒಯ್ಯುವುದನ್ನು ಕಲಿಸಿದರು. ಅಸ್ಸಾಂ ಕಡೆಯಿಂದ ಎನ್‌ಕಾರ್ಸಿಯಾ ಎಂಬ ಸಣ್ಣ ಕಣಜವನ್ನೂ ತಂದು ಬಿಡಲಾಯಿತು. ಎಣ್ಣಿ ನಿಲ್ಲಿಸಿದ ಹೊಲಗಳಲ್ಲಿ ಹೇನು ಇಳಿಯಿತು. ಇಂದಿಗೂ ಉಣ್ಣೆ ಹೇನು ಜಿಲ್ಲೆಯಲ್ಲಿ ಅಲ್ಲಲ್ಲಿ ಕಾಣುತ್ತದೆ, ಆದರೆ ಅದರ ಹೆಸರು ಕೇಳಿ ಯಾರೂ ನಿದ್ದೆ ಕೆಡಿಸಿಕೊಳ್ಳುವುದಿಲ್ಲ. ಈ ಗೆಲುವಿನಲ್ಲಿ ನಿರ್ಮೂಲನೆ ಎಲ್ಲಿದೆ? ಪೂರ್ತಿ ಹೇನು ಸತ್ತಿದ್ದರೆ ಅದನ್ನು ತಿನ್ನುವ ಹುಳುವೂ ಉಪವಾಸ ಸಾಯುತ್ತಿತ್ತು, ಮರುವರ್ಷ ಬಂದ ಹೇನಿಗೆ ತಡೆಯೇ ಇರುತ್ತಿರಲಿಲ್ಲ. ಸ್ವಲ್ಪ ಹೇನು ಉಳಿದದ್ದಕ್ಕೇ ಕಬ್ಬು ಉಳಿಯಿತು.

ಈ ವಿದ್ಯೆ ನಮಗೆ ಹೊಸದೂ ಅಲ್ಲ. ಪಾಪಾಸುಕಳ್ಳಿಯನ್ನು ನೋಡಿ. ಅದೂ ಅಮೆರಿಕದ್ದೇ. 1795ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಕೆಂಪು ಬಣ್ಣ ತೆಗೆಯುವ ಕೀಟವೆಂದು ಬ್ರೆಜಿಲ್‌ನಿಂದ ತಂದದ್ದು ಬೇರೆಯದೇ ಕೀಟ. ಬಣ್ಣ ಬರಲಿಲ್ಲ, ಕಳ್ಳಿಯನ್ನು ಮಾತ್ರ ತಿಂದು ಹಾಕಿತು. ಕಳೆಯನ್ನು ಕೀಟದಿಂದ ಹದ್ದುಬಸ್ತಿನಲ್ಲಿಟ್ಟ ಜಗತ್ತಿನ ಮೊದಲ ಉದಾಹರಣೆ ಹೀಗೆ ವ್ಯಾಪಾರಿಗಳ ಎಡವಟ್ಟಿನಿಂದ ಹುಟ್ಟಿದ್ದು. ಇನ್ನೊಂದು ಜಾತಿಯ ಕಳ್ಳಿಗೆ 1926ರಲ್ಲಿ ಮತ್ತೊಂದು ಕೀಟವನ್ನು, ಈ ಬಾರಿ ತಿಳಿದೇ, ತಂದು ದಕ್ಷಿಣ ಭಾರತದಲ್ಲಿ ಬಿಟ್ಟರು. 1980ರ ದಶಕದಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳವನ್ನು ಮುಚ್ಚಿದ್ದ ಸಾಲ್ವೀನಿಯಾ ಜಲಕಳೆಯನ್ನು ಒಂದು ಸಣ್ಣ ಮೂತಿಹುಳು ಹನ್ನೊಂದು ತಿಂಗಳಲ್ಲಿ ತಿಂದು ಮುಗಿಸಿತು.

ಕಾಂಗ್ರೆಸ್ ಕಸಕ್ಕೂ ಹುಳುವಿದೆ. ಮೆಕ್ಸಿಕೊದಿಂದ ತಂದ ಝೈಗೊಗ್ರಾಮಾ ದುಂಬಿಯನ್ನು ಬೆಂಗಳೂರಿನಲ್ಲಿ 1984ರಲ್ಲಿ ಬಿಟ್ಟರು. ಕೆಲವೇ ವರ್ಷದಲ್ಲಿ ಅದು ಎಕರೆಗಟ್ಟಲೆ ಗಿಡಗಳನ್ನು ಬೋಳು ಮಾಡಿತು. 1990ರ ದಶಕದ ಆರಂಭದಲ್ಲಿ ಅದು ಸೂರ್ಯಕಾಂತಿ ಎಲೆ ತಿಂದಿತು ಎಂಬ ಸುದ್ದಿ ಎದ್ದು ದೊಡ್ಡ ಗಲಾಟೆಯಾಯಿತು, ಸಮಿತಿ ಕೂತಿತು, ಬೆಳೆಗೆ ಅಂಥ ಅಪಾಯವಿಲ್ಲವೆಂದು ಕಂಡಿತು. ದುಂಬಿಗೆ ಮಿತಿಯಿದೆ, ಅದನ್ನು ಮುಚ್ಚಿಡಬೇಕಿಲ್ಲ. ಮಳೆಗಾಲ ಮುಗಿದ ಮೇಲೆ ಅದು ಮಣ್ಣಿನೊಳಗೆ ತಿಂಗಳುಗಟ್ಟಲೆ ಮಲಗುತ್ತದೆ. ಕಾಲುವೆ ನೀರಿರುವ ನಮ್ಮಂಥ ಕಡೆ ಕಸ ಮಾತ್ರ ಬೇಸಿಗೆಯಲ್ಲೂ ಎದ್ದಿರುತ್ತದೆ. ಹೊಲದ ಎಣ್ಣಿ ಬದುವಿಗೂ ಬಿದ್ದರೆ ದುಂಬಿ ಸಾಯುತ್ತದೆ. ಆಗಸ್ಟ್ ಅಭಿಯಾನದಲ್ಲಿ ಕಿತ್ತು ಸುಡುವ ಗಿಡದ ಮೇಲೆ ಈ ದುಂಬಿಯ ಮೊಟ್ಟೆ, ಮರಿ ಇರುತ್ತವೆ. ಅದು ದುಡಿಯುವ ಕಾಲಕ್ಕೆ ಸರಿಯಾಗಿ ನಾವು ಅದನ್ನೇ ಸುಡುತ್ತಿದ್ದೇವೆ.

ಪಾರ್ಥೇನಿಯಂ ನಿರ್ವಹಣೆಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು ದೂರದ ಯಾವುದೋ ದೇಶದಲ್ಲಲ್ಲ, 1997ರ ಅಕ್ಟೋಬರಿನಲ್ಲಿ ಧಾರವಾಡದಲ್ಲಿ. ಆಗ ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಭತ್ತದ ತಳಿ ವಿಜ್ಞಾನಿ ಎಂ. ಮಹದೇವಪ್ಪ ಈ ಕಳೆಯ ಮೇಲೆ ವರ್ಷಗಟ್ಟಲೆ ದುಡಿದವರು. ಧಾರವಾಡ ಭಾಗದಲ್ಲಿ ಗಮನಿಸಿ ಹೇಳಿದ ಒಂದು ಸರಳ ಉಪಾಯ, ಮಳೆಗೆ ಮುಂಚೆ ರಸ್ತೆ ಬದಿಗೆ ಕ್ಯಾಸಿಯಾ ಸೆರಿಸಿಯಾ ಬೀಜ ಚೆಲ್ಲುವುದು. ನಮ್ಮ ತಗಚಿಯ ಕುಲದ ಈ ಗಿಡ ದಟ್ಟವಾಗಿ ಎದ್ದು ಕಾಂಗ್ರೆಸ್ ಕಸಕ್ಕೆ ಜಾಗ ಕೊಡುವುದಿಲ್ಲ. ತಮಾಷೆ ಏನೆಂದರೆ ಇದೂ ಅಮೆರಿಕದ ಗಿಡ. ಪರದೇಶಿ ಕಂಡರೆ ಕಿತ್ತೊಗೆ ಎನ್ನುವವರು ಇಲ್ಲಿ ಏನು ಮಾಡುತ್ತಾರೆ? ದುಂಬಿಯೂ ಪರದೇಶಿ, ಕಸವೂ ಪರದೇಶಿ, ಅದನ್ನು ಅದುಮುವ ಗಿಡವೂ ಪರದೇಶಿ.

ಹುಟ್ಟಿದೂರು ಕೇಳಿ ತೀರ್ಪು ಕೊಡುವ ಈ ಚಾಳಿಯನ್ನು ಅಡುಗೆಮನೆಯವರೆಗೆ ಒಯ್ದು ನೋಡಿ. ಸಂಕೇಶ್ವರದ ಹೆಸರು ಹೊತ್ತ ಮೆಣಸಿನಕಾಯಿ, ಗೋವಿನಜೋಳ, ಶೇಂಗಾ, ಟೊಮೆಟೊ, ಎಲ್ಲ ಅಮೆರಿಕದಿಂದ ಬಂದವು. ಅತ್ತ ಕೀನ್ಯಾದ ವನ್ಯಜೀವಿ ಇಲಾಖೆ 2024ರಲ್ಲಿ ಹತ್ತು ಲಕ್ಷ ಕಾಗೆ ಕೊಲ್ಲುವ ಯೋಜನೆ ಪ್ರಕಟಿಸಿತು. ಅವು ನಮ್ಮ ಊರಕಾಗೆಗಳೇ. ಪಕ್ಷಮಾಸದಲ್ಲಿ ನಾವು ಎಡೆ ಇಟ್ಟು ಕರೆಯುವ ಹಕ್ಕಿ ಅಲ್ಲಿ ದಾಳಿಕೋರ. ಕೀನ್ಯಾದವರ ದೂರು ಸುಳ್ಳಲ್ಲ, ಅಲ್ಲಿನ ಸಣ್ಣ ಹಕ್ಕಿಗಳ ಮರಿಗಳನ್ನು ಅವು ತಿನ್ನುತ್ತವೆ. ಕೇಳಬೇಕಾದದ್ದು ಅಷ್ಟೇ: ಏನನ್ನು ಹಾಳು ಮಾಡುತ್ತಿದೆ, ಎಷ್ಟು, ಯಾರದ್ದು?

ಬಳ್ಳಾರಿ ಜಾಲಿಗೆ ಈ ಪ್ರಶ್ನೆ ಹಾಕಿದರೆ ಉತ್ತರ ಒಂದೇ ಬರುವುದಿಲ್ಲ. 1870ರ ದಶಕದಲ್ಲಿ, ದಕ್ಷಿಣವನ್ನು ದೊಡ್ಡ ಬರ ಹಿಂಡಿದ ಹೊತ್ತಿನಲ್ಲಿ, ಇಂಗ್ಲಿಷರು ಈ ಮರದ ಬೀಜ ತರಿಸಿದರು. ಸ್ವಾತಂತ್ರ್ಯಾನಂತರ ನಮ್ಮ ಅರಣ್ಯ ಇಲಾಖೆಗಳೇ ಬರಡು ನೆಲಕ್ಕೆಂದು ಬಿತ್ತಿದವು. ಅದು ಹುಲ್ಲುಗಾವಲು ನುಂಗುವುದು ನಿಜ, ಗಾಯರಾಣಗಳಲ್ಲಿ (ಗೋಮಾಳಗಳಲ್ಲಿ) ದನ ನುಗ್ಗದಂತೆ ಮುಳ್ಳಿನ ಗೋಡೆ ಕಟ್ಟುವುದೂ ನಿಜ. ಅದೇ ಮರ ಬೇಸಿಗೆಯಲ್ಲಿ ಆಡಿಗೆ ಕಾಯಿ ಕೊಡುತ್ತದೆ, ಗ್ಯಾಸು ತುಂಬಿಸಲು ದುಡ್ಡಿಲ್ಲದ ಮನೆಗೆ ಕಟ್ಟಿಗೆ ಕೊಡುತ್ತದೆ, ಇದ್ದಿಲು ಸುಡುವವನಿಗೆ ಕೂಲಿ ಕೊಡುತ್ತದೆ. ತಮಿಳುನಾಡಿನಲ್ಲಿ 2017ರ ಆರಂಭದಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ ಇದನ್ನು ತೆಗೆಯಲೇಬೇಕೆಂದು ಜಿಲ್ಲಾಧಿಕಾರಿಗಳನ್ನು ಗದರಿಸಿತ್ತು. ಜೆಸಿಬಿಗಳು ಹೊರಟವು. ಕೆಲವೇ ತಿಂಗಳಲ್ಲಿ ಅದೇ ಹೈಕೋರ್ಟು ತಡೆ ಕೊಟ್ಟು, ಮೊದಲು ತಜ್ಞರು ನೋಡಲಿ ಎಂದಿತು. ಜೆಸಿಬಿ ಹಾಯ್ದ ನೆಲದಲ್ಲಿ ಏನಾಗುತ್ತದೆ ಎಂಬುದಕ್ಕೆ ತಜ್ಞರೂ ಬೇಕಿಲ್ಲ. ಕೆದಕಿದ ಬತ್ತಲೆ ಮಣ್ಣಿನಲ್ಲಿ ದನದ ಸಗಣಿಯೊಡನೆ ಬಿದ್ದಿದ್ದ ಜಾಲಿ ಬೀಜ ಮೊಳೆಯುತ್ತದೆ, ಇಲ್ಲದಿದ್ದರೆ ಕಾಂಗ್ರೆಸ್ ಕಸ ಬರುತ್ತದೆ. ಕಡಿದು ಬಿಟ್ಟ ಬುಡ ಒಂದಕ್ಕೆ ಹತ್ತು ಕವಲು ಒಡೆಯುತ್ತದೆ. ಕಿತ್ತ ಜಾಗದಲ್ಲಿ ಆ ವಾರವೇ ಏನು ಬೆಳೆಸುತ್ತೀರಿ, ಯಾರು ಕಾಯುತ್ತಾರೆ ಎಂದು ಹೇಳಲಾಗದಿದ್ದರೆ ಜಾಲಿಯನ್ನು ಮುಟ್ಟಬೇಡಿ.

ನೆಲವನ್ನು ನೋಡಿಕೊಳ್ಳುವವರಿಲ್ಲದಿದ್ದರೆ ಕಳೆ ತುಂಬುತ್ತದೆ ಎಂಬುದು ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಗೊತ್ತಿದ್ದ ಮಾತು. ಬೇಸಿಗೆಯ ಆರಂಭದಲ್ಲಿ ನೆಲದ ತರಗನ್ನು ಸಣ್ಣಗೆ ಸುಡುವ ತರಗುಬೆಂಕಿ ಅವರ ವಾಡಿಕೆ. 1974ರಲ್ಲಿ ಕಾಡು ಅಭಯಾರಣ್ಯವಾಯಿತು, ಬೆಂಕಿ ಅಪರಾಧವಾಯಿತು, ಆಮೇಲೆ ಲಂಟಾನ ಕಳೆ ಬೆಟ್ಟ ತುಂಬಿತು ಎಂದು ಸೋಲಿಗರು ಹೇಳುತ್ತಾರೆ. ವಾಡಿಕೆ ತಪ್ಪಿಸಿದವರೇ ಈಗ ಲಂಟಾನ ಕೀಳಲು ಟೆಂಡರು ಕರೆಯುತ್ತಾರೆ. ಪಕ್ಕದ ಮಲೆ ಮಹದೇಶ್ವರ ಬೆಟ್ಟದಲ್ಲಿ ಅದೇ ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆದು ಮಾರುವವರೂ ಇದ್ದಾರೆ. ಅದರಿಂದ ಲಂಟಾನ ಮುಗಿಯುವುದಿಲ್ಲ, ನಾಲ್ಕು ಮನೆಗೆ ಕೂಲಿ ಸಿಗುತ್ತದೆ. ನಮ್ಮ ಗಾಯರಾಣಗಳ ಕತೆ ಬೇರೆಯಲ್ಲ. ಊರಿನ ದನಕ್ಕೆಂದು ಇದ್ದಾಗ ಅಲ್ಲಿ ಹುಲ್ಲಿತ್ತು. ಒತ್ತುವರಿ, ಗರಸಿನ ಗುಂಡಿ, ಕಸದ ರಾಶಿ ಆದ ಮೇಲೆ ಜಾಲಿ ಬಂತು. ಗುಂಡಿ ತೋಡಿದವನ ಮೇಲೆ ಕೇಸು ಹಾಕುವುದಕ್ಕಿಂತ ಜಾಲಿಗೆ ಬೈಯುವುದು ಸುಲಭ, ಜಾಲಿ ಮತದಾರನಲ್ಲ.

ಎಣ್ಣಿಯ ಮಾತು ಉಳಿಯಿತು. ಕೈಯಲ್ಲಿ ಕಿತ್ತು ಸೋತವರು ಗ್ಲೈಫೋಸೇಟ್ ಎಂಬ ಕಳೆನಾಶಕ ಹಿಡಿಯುತ್ತಾರೆ. ಇದಕ್ಕೆ ಭಾರತದಲ್ಲಿ ಅನುಮತಿ ಇರುವುದು ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ಜಾಗಕ್ಕೆ. ಕೀಟ ನಿಯಂತ್ರಣದ ಪರವಾನಗಿ ಇದ್ದವರೇ ಹೊಡೆಯಬೇಕು ಎಂದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆದೇಶಿಸಿತು. ನಮ್ಮ ಕಡೆ ಪರವಾನಗಿ ಕೇಳಿದರೆ ನಗುತ್ತಾರೆ. ಹೊಡೆದ ಬದು ಹದಿನೈದು ದಿನದಲ್ಲಿ ಹಳದಿಯಾಗುತ್ತದೆ. ಬದುವಿನ ಕರಿಕೆ, ಹಿಂಡಿಪಲ್ಲೆ, ಆಕಳು ಮೇಯುವ ಹುಲ್ಲು ಎಲ್ಲ ಸತ್ತ ಮೇಲೆ ಮುಂದಿನ ಮಳೆಗೆ ಮೊದಲು ಏಳುವುದು ಕಾಂಗ್ರೆಸ್ ಕಸವೇ. ಪೈಪೋಟಿ ಕೊಡುವವರನ್ನೆಲ್ಲ ನಾವೇ ಕೊಂದಿರುತ್ತೇವಲ್ಲ.

ನಿರ್ಮೂಲನೆ ಎಲ್ಲಿ ಬೇಕೋ ಅಲ್ಲಿ ನಾನೂ ಕೈ ಎತ್ತುತ್ತೇನೆ. ನಿನ್ನೆ ಮೊನ್ನೆ ಬಂದದ್ದನ್ನು, ಒಂದು ಬಾವಿ, ಒಂದು ತೋಟ, ಒಂದು ನರ್ಸರಿಯಲ್ಲಿ ಇರುವಾಗಲೇ, ಕರುಣೆಯಿಲ್ಲದೆ ತೆಗೆಯಬೇಕು. ಆಫ್ರಿಕಾದ ಕ್ಯಾಟ್‌ಫಿಶ್ ಸಾಕಣೆಯನ್ನು 2000ರಲ್ಲೇ ನಿಷೇಧಿಸಿದ್ದರೂ ಕದ್ದು ಸಾಕುವ ಹೊಂಡಗಳು ಕರ್ನಾಟಕದಲ್ಲಿ ಮತ್ತೆ ಮತ್ತೆ ಸಿಗುತ್ತವೆ. ಒಂದು ನೆರೆ ಬಂದರೆ ಹೊಂಡದ ಮೀನು ಹೊಳೆಗೆ. 2019ರ ಘಟಪ್ರಭೆಯ ನೆರೆಯನ್ನು ಗೋಕಾಕದವರಿಗೆ ನೆನಪಿಸಬೇಕಿಲ್ಲ. ಹಳದಿ ಹೂವಿನ ಸೆನ್ನಾ ಸ್ಪೆಕ್ಟಬಿಲಿಸ್ ಚೆಂದಕ್ಕೆಂದು ನೆಟ್ಟ ಮರ, ಈಗ ಬಂಡೀಪುರ, ನಾಗರಹೊಳೆ, ವಯನಾಡಿನ ಕಾಡು ನುಂಗುತ್ತಿದೆ. ಗೋವಿನಜೋಳದ ಫಾಲ್ ಸೈನಿಕ ಹುಳುವನ್ನು ದೇಶದಲ್ಲೇ ಮೊದಲು ಗುರುತಿಸಿದ್ದು 2018ರಲ್ಲಿ ಶಿವಮೊಗ್ಗದ ಕೃಷಿ ವಿಜ್ಞಾನಿಗಳು. ಹಾರುವ ಹುಳುವನ್ನು ತಡೆಯಲಾಗಲಿಲ್ಲ, ಆದರೆ ಹೊಲದಲ್ಲಿ ತಿರುಗುವ ಕಣ್ಣುಗಳಿದ್ದದ್ದಕ್ಕೆ ಅದು ಏನೆಂದಾದರೂ ತಿಳಿಯಿತು. ಅಂಥ ಕಣ್ಣು ನಮ್ಮಲ್ಲೂ ಇದೆ. ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿದೆ, ಸಂಕೇಶ್ವರದಲ್ಲಿ ಕಬ್ಬಿನ ಸಂಶೋಧನಾ ಕೇಂದ್ರವಿದೆ. ಅಲ್ಲಿನ ಹುಡುಗ ಹುಡುಗಿಯರನ್ನು ವರ್ಷಕ್ಕೆರಡು ಬಾರಿ ಕಾಲುವೆ ಗುಂಟ ನಡೆಸಿ, ಹೊಸದೇನು ಬಂದಿದೆ ಬರೆದುಕೊಂಡು ಬನ್ನಿ ಎನ್ನುವುದಕ್ಕೆ ಎಷ್ಟು ಖರ್ಚಾದೀತು? ಬ್ಯಾನರಿನಷ್ಟೂ ಆಗದು.

ಹಳೆಯ ಕಸಕ್ಕೆ ಊರು ಮಾಡಬೇಕಾದದ್ದು ಸಣ್ಣದು. ಶಾಲೆ, ಅಂಗನವಾಡಿ, ದವಾಖಾನೆ, ಬಸ್ ನಿಲ್ದಾಣದ ಸುತ್ತ, ತುರಿಕೆ ಉಬ್ಬಸ ಬರುವ ಜನ ಓಡಾಡುವ ಕಡೆ, ಜೂನ್ ಕೊನೆಯಲ್ಲಿ, ಹೂ ಬಿಡುವ ಮುಂಚೆ ಕೀಳಿ. ಹೂವಿಲ್ಲದ ಗಿಡ ತಿಪ್ಪೆಗೆ ಹಾಕಿದರೆ ಗೊಬ್ಬರ. ಉಳಿದ ಬಯಲನ್ನು ದುಂಬಿಗೆ, ತಗಚಿಗೆ, ಹುಲ್ಲಿಗೆ ಬಿಡಿ. ಕೀಳುವ ಹೆಣ್ಣುಮಕ್ಕಳಿಗೆ ಗವಸು ಮತ್ತು ಪೂರ್ತಿ ಕೂಲಿ ಕೊಡಿ, ಶಾಲೆ ಮಕ್ಕಳನ್ನು ಈ ಕೆಲಸಕ್ಕೆ ಇಳಿಸಬೇಡಿ. ಮುಂದಿನ ಸಲ ಪಟ್ಟಣ ಪಂಚಾಯಿತಿಯ ಸಭೆಯಲ್ಲಿ ಯಾರಾದರೂ ಸಂಪೂರ್ಣ ನಿರ್ಮೂಲನೆಯ ಬಿಲ್ಲು ಮುಂದಿಟ್ಟರೆ ಸದಸ್ಯರು ಎರಡು ಮಾತು ಕೇಳಲಿ: ಹೋದ ವರ್ಷ ಕಿತ್ತ ಜಾಗದಲ್ಲಿ ಈಗ ಏನಿದೆ, ಮುಂದಿನ ವರ್ಷ ಅದೇ ಜಾಗಕ್ಕೆ ಯಾರು ಹೋಗುತ್ತಾರೆ? ಉತ್ತರ ಬರದಿದ್ದರೆ ಬಿಲ್ಲಿಗೆ ಸಹಿ ಹಾಕಬೇಡಿ.